ಮನೆಯ ವಿದ್ಯುತ್ ಕೆಲಸ: ಯಾವುದನ್ನು ತಿಳಿಸಬೇಕು?

ದೀಪ ಹಾಕಿದಾಗಲೆಲ್ಲ ನಿಮ್ಮ ರೇಡಿಯೋ ಬಿಡದೆ ಕರಕರ ಎನ್ನುತ್ತದೆಯೆ? ತಪ್ಪು ನಿಲಯದ್ದೇ ಎಂದು ಬಗೆಯಬೇಡಿ. ಸ್ವಿಚ್ಚಿನೊಳಗೋ ತಂತಿಯ ಜೋಡಣೆಯಲ್ಲೋ ಸಡಿಲವಿದ್ದು ಸಣ್ಣ ಕಿಡಿ ಹಾರುತ್ತಿರಬಹುದು. ಮಧ್ಯಮ ತರಂಗದ ರೇಡಿಯೋ ಅದನ್ನು ನಿಮಗಿಂತ ಮೊದಲೇ ಕಂಡುಹಿಡಿಯುತ್ತದೆ. ಆಗ ಮನೆಯ ಯಜಮಾನನಿಗೆ ಒಂದು ಪ್ರಶ್ನೆ ಏಳುತ್ತದೆ: ಇದನ್ನು ನಾವೇ ಸರಿಪಡಿಸಿಕೊಳ್ಳಬಹುದೆ, ಇಲ್ಲವೆ ಯಾರಿಗಾದರೂ ತಿಳಿಸಬೇಕೆ?

ಕಾನೂನು ಇದಕ್ಕೊಂದು ಸ್ಪಷ್ಟವಾದ ಗೆರೆ ಎಳೆದಿದೆ. 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳಲ್ಲಿದ್ದ ಆ ಗೆರೆಯನ್ನೇ ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಹಾಗೂ 2023ರ ನಿಬಂಧನೆಗಳೂ ಉಳಿಸಿಕೊಂಡಿವೆ. ಸುಟ್ಟುಹೋದ ದೀಪ, ಫ್ಯೂಸು, ಕೆಟ್ಟ ಸ್ವಿಚ್ಚು, ಫ್ಯಾನು ಇಂಥವನ್ನು ತೆಗೆದು ಅದೇ ಬಗೆಯ ಇನ್ನೊಂದನ್ನು ಹಾಕುವುದಕ್ಕೆ ಯಾರ ಅಪ್ಪಣೆಯೂ ಬೇಡ. ಮನೆಯ ವಿದ್ಯುತ್ ವ್ಯವಸ್ಥೆಯ ಸಾಮರ್ಥ್ಯವಾಗಲಿ ಸ್ವರೂಪವಾಗಲಿ ಅದರಿಂದ ಬದಲಾಗಬಾರದು, ಅಷ್ಟೇ. ಮೇನು ಆರಿಸಿ, ಮೈ ಒಣಗಿರುವಾಗ ಮಾಡಿದರೆ ಸಾಕು. ಹೊಸ ತಂತಿ ಎಳೆಯುವುದು, ಹೊಸ ಕೋಣೆಗೆ ದೀಪ ಕೊಡುವುದು, ಮೋಟಾರು ಕೂರಿಸುವುದು, ಇವು ಗೆರೆಯ ಆಚೆಗಿನವು. ಇವನ್ನು ರಾಜ್ಯ ಸರ್ಕಾರದ ಪರವಾನಗಿ ಪಡೆದ ಗುತ್ತಿಗೆದಾರರೇ ಮಾಡಬೇಕು. ಅರ್ಹತಾಪತ್ರವುಳ್ಳ ಮೇಲ್ವಿಚಾರಕರ ಕಣ್ಣೆದುರಿಗೇ ಆ ಕೆಲಸ ನಡೆಯಬೇಕು.

ಇಷ್ಟು ಬಿಗಿ ಏಕೆಂದು ಕೇಳುವಿರಾ? ಒಂದು ಲೆಕ್ಕ ನೋಡಿ. ನಿಮ್ಮ ಮನೆಗೆ ಮಂಜೂರಾದದ್ದು 1 ಕಿಲೋವ್ಯಾಟು ಎನ್ನೋಣ. ಅಂದರೆ 230 ವೋಲ್ಟಿನಲ್ಲಿ ಸುಮಾರು ನಾಲ್ಕೂವರೆ ಆಂಪಿಯರು. ಬಚ್ಚಲಿಗೆ 2 ಕಿಲೋವ್ಯಾಟಿನ ಗೀಸರು ತಂದಿರಿ. ಅದೊಂದೇ ಸುಮಾರು 9 ಆಂಪಿಯರು ಎಳೆಯುತ್ತದೆ. ಒಂದೇ ತಂತಿಯಲ್ಲಿ ಹರಿಯುವ ವಿದ್ಯುತ್ತು ಎರಡರಷ್ಟಾದರೆ ಹುಟ್ಟುವ ಶಾಖ ನಾಲ್ಕರಷ್ಟಾಗುತ್ತದೆ. ದೀಪಕ್ಕೆಂದು ಎಳೆದ ಸಣ್ಣ ತಂತಿ ಗೋಡೆಯೊಳಗೆ ಬೇಯುತ್ತಿದ್ದರೂ ಹೊರಗಿನವರಿಗೆ ಕಾಣುವುದಿಲ್ಲ. ಆದುದರಿಂದ ಭಾರ ಹೆಚ್ಚಿಸುವ ಮೊದಲೇ ವಿದ್ಯುತ್ ಕಚೇರಿಗೆ ಅರ್ಜಿ ಕೊಡಬೇಕು. ತುಮಕೂರು ಜಿಲ್ಲೆಯವರಿಗೆ ಅದು ಬೆಸ್ಕಾಂ ಕಚೇರಿ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಕಡೆಯವರು ಈ ಮಾತನ್ನು ಇನ್ನೂ ಗಮನವಿಟ್ಟು ಕೇಳಬೇಕು. ನಿಮ್ಮ ಮನೆಯ ಅಟ್ಟವೆಂದರೆ ಬರಿಯ ಅಟ್ಟವಲ್ಲ. ಉಂಡೆ ಕೊಬ್ಬರಿಯಾಗಲೆಂದು ಹತ್ತು ಹನ್ನೆರಡು ತಿಂಗಳು ಕಾಯಿ ಅಲ್ಲೇ ಕೂತಿರುತ್ತದೆ. ಒಣಗಿದ ಸಿಪ್ಪೆ, ನಾರು, ಎಣ್ಣೆಯ ತಿರುಳು, ಇವೆಲ್ಲ ಬೆಂಕಿಗೆ ಬೇಕಾದ ಸಾಮಗ್ರಿಯೇ. ಅಲ್ಲಿಗೊಂದು ದೀಪ ಬೇಕೆಂದು ಕೆಳಗಿನ ದೀಪದಿಂದ ತಂತಿ ಕಿತ್ತು, ಟೇಪು ಸುತ್ತಿ ಮೇಲಕ್ಕೆ ಎಳೆದರೆ, ಇಲಿ ಕಡಿದ ಒಂದು ಕಡೆ ಸಾಕು. ವರ್ಷದ ದುಡಿಮೆ ಒಂದು ರಾತ್ರಿಗೆ ಬೂದಿಯಾದೀತು. ಅಟ್ಟಕ್ಕೆ ದೀಪ ಬೇಡವೆಂದಲ್ಲ. ಅದು ಕೊಳವೆಯೊಳಗಿನ ತಂತಿಯಿಂದ, ತನ್ನದೇ ಸ್ವಿಚ್ಚಿನಿಂದ, ಬಲ್ಲವರ ಕೈಯಿಂದ ಬರಲಿ.

ಕೆಲಸ ಮುಗಿದ ಮೇಲೆ ಗುತ್ತಿಗೆದಾರರಿಂದ ಪೂರ್ಣಗೊಂಡ ವರದಿಯನ್ನೂ ಪರೀಕ್ಷೆಯ ಫಲಿತಾಂಶವನ್ನೂ ಕೇಳಿ ಪಡೆಯಿರಿ. ಹೊಸ ಸಂಪರ್ಕಕ್ಕೂ ಹೆಚ್ಚಿನ ಭಾರಕ್ಕೂ ಪರೀಕ್ಷೆ ಆಗಲೇಬೇಕು. ಆರು ತಿಂಗಳಿಗಿಂತ ಹೆಚ್ಚು ಕಾಲ ಸಂಪರ್ಕ ತಪ್ಪಿದ್ದ ಮನೆಗೂ ಇದೇ ಕ್ರಮ. ಇನ್ನೊಂದು ಎಚ್ಚರಿಕೆ: ಮನೆಗೆಂದು ಪಡೆದ ಸಂಪರ್ಕದಿಂದ ವ್ಯಾಪಾರದ ಯಂತ್ರ ಓಡಿಸಿದರೆ, 2003ರ ವಿದ್ಯುಚ್ಛಕ್ತಿ ಕಾಯಿದೆಯ 126ನೆಯ ಕಲಮಿನಂತೆ ಅದು ಅನಧಿಕೃತ ಬಳಕೆ. ಆಗ ಆ ಬಳಕೆಗೆ ಅನ್ವಯಿಸುವ ದರದ ಎರಡರಷ್ಟನ್ನು ತೆರಬೇಕಾಗುತ್ತದೆ.

ಮನೆಯ ಹೊರಗಿನ ಕೆಲಸಕ್ಕೂ ಸೂಚನೆ ಬೇಕಾಗುವುದುಂಟು. ಮನೆಯ ಪಕ್ಕದಲ್ಲಿ 11 ಸಾವಿರ ವೋಲ್ಟಿನ ತಂತಿ ಹಾದುಹೋಗಿದ್ದರೆ, ಕಟ್ಟಡಕ್ಕೂ ಅದಕ್ಕೂ ಅಡ್ಡಲಾಗಿ ಕನಿಷ್ಠ 1.2 ಮೀಟರು, ನೇರ ಮೇಲಕ್ಕೆ 3.7 ಮೀಟರು ಅಂತರವಿರಬೇಕು. ಮಹಡಿ ಏರಿಸುವುದರಿಂದ ಈ ಅಂತರ ಕಡಿಮೆಯಾಗುವಂತಿದ್ದರೆ ವಿದ್ಯುತ್ ಕಚೇರಿಗೂ ವಿದ್ಯುತ್ ಪರಿವೀಕ್ಷಕರಿಗೂ ಮುಂಚೆಯೇ ಬರೆದು ತಿಳಿಸಬೇಕು. ನಗರಸಭೆಯೋ ಪಂಚಾಯಿತಿಯೋ ನಕ್ಷೆಗೆ ಒಪ್ಪಿಗೆ ಕೊಟ್ಟಿತೆಂದು ಈ ಸೂಚನೆ ತಪ್ಪುವುದಿಲ್ಲ. ಮದುವೆಯ ಚಪ್ಪರದಂಥ ತಾತ್ಕಾಲಿಕ ರಚನೆಗೂ ಇದೇ ನಿಯಮ. ತೋಟದಲ್ಲಿ ತೆಂಗಿನ ಗರಿ ತಂತಿಯ ಮೇಲೆ ಬಿದ್ದರೆ ದೋಟಿ ಹಿಡಿದು ಹೋಗಬೇಡಿ. ದೂರ ನಿಂತು 1912ಕ್ಕೆ ಫೋನು ಮಾಡಿ.

ಕೊನೆಯದು ಬಹುಶಃ ಎಲ್ಲಕ್ಕಿಂತ ಮುಖ್ಯವಾದುದು. ಕರೆಂಟು ಹೋದಾಗಲೆಂದು ಜನರೇಟರು ಕೊಂಡವರು, ಚಾವಣಿಯ ಮೇಲೆ ಸೌರ ಫಲಕ ಹಾಕಿಸುವವರು ವಿದ್ಯುತ್ ಕಚೇರಿಗೆ ತಿಳಿಸಿಯೇ ಮುಂದುವರಿಯಬೇಕು. ಜನರೇಟರನ್ನು ಚೇಂಜ್ ಓವರ್ ಸ್ವಿಚ್ಚಿಲ್ಲದೆ ಮನೆಯ ತಂತಿಗೆ ಸೇರಿಸಿದರೆ ವಿದ್ಯುತ್ತು ಹಿಮ್ಮುಖವಾಗಿ ಬೀದಿಗೆ ಹರಿಯುತ್ತದೆ. ಟ್ರಾನ್ಸ್‌ಫಾರ್ಮರು ಅದನ್ನು ಮತ್ತೆ ಸಾವಿರಾರು ವೋಲ್ಟಿಗೆ ಏರಿಸುತ್ತದೆ. ಲೈನು ಸತ್ತಿದೆಯೆಂದು ನಂಬಿ ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್ನಿಗೆ ನಿಮ್ಮ ಮನೆಯಲ್ಲಿ ಉರಿಯುವ ದೀಪದ ಸಂಗತಿ ಗೊತ್ತಿರುವುದಿಲ್ಲ. ನೀವು ಕೊಡುವ ಒಂದು ಹಾಳೆಯ ಅರ್ಜಿಯಿಂದಲೇ ಅವನಿಗೆ ಅದು ತಿಳಿಯಬೇಕು.