ಪಾಪರ್ ಚೀಟಿ ಎಂಬ ಭ್ರಮೆ: ದಿವಾಳಿ ಅರ್ಜಿಯ ಕುರಿತ ತಪ್ಪು ಕಲ್ಪನೆಗಳೂ ಸತ್ಯವೂ

ಬೆಂಗಳೂರು ನಗರವು ದಕ್ಷಿಣಕ್ಕೆ ಹಬ್ಬುತ್ತ ಹಬ್ಬುತ್ತ ತನ್ನೊಳಗೆ ಸೇರಿಸಿಕೊಂಡ ಹಳ್ಳಿಗಳಲ್ಲಿ ಉತ್ತರಹಳ್ಳಿಯೂ ಒಂದು. 2008ರ ಕ್ಷೇತ್ರ ಪುನರ್ವಿಂಗಡಣೆಯವರೆಗೆ ತನ್ನದೇ ಹೆಸರಿನ ವಿಸ್ತಾರವಾದ ವಿಧಾನಸಭಾ ಕ್ಷೇತ್ರವನ್ನು ಹೊಂದಿದ್ದ ಈ ಊರಿನ ಮುಖ್ಯರಸ್ತೆಯ ಎರಡೂ ಬದಿಗಳಲ್ಲಿ ಈಗ ಸಾಲುಗಟ್ಟಿ ನಿಂತಿರುವ ದಿನಸಿ ಅಂಗಡಿ, ದರ್ಶಿನಿ, ಗ್ಯಾರೇಜು, ಹಾರ್ಡ್‌ವೇರ್ ಮಳಿಗೆಗಳಲ್ಲಿ ಸಾಲದ ಆಸರೆಯಿಲ್ಲದೆ ಬಾಗಿಲು ತೆರೆದವು ವಿರಳವೆಂದೇ ಹೇಳಬೇಕು. ಮೊದಲು ಬ್ಯಾಂಕಿನ ಸಾಲ, ಅದರ ಕಂತಿಗಾಗಿ ಒಡವೆಯ ಮೇಲಿನ ಸಾಲ, ಅದನ್ನು ಬಿಡಿಸಲು ಚೀಟಿಯ ಹಣ, ಆಮೇಲೆ ನೆಂಟರಿಷ್ಟರ ಕೈಸಾಲ, ಗತ್ಯಂತರವಿಲ್ಲದಾಗ ಮೀಟರ್ ಬಡ್ಡಿ ಎಂಬ ಕ್ರಮದಲ್ಲಿ ಹೊರೆಯ ಮೇಲೆ ಹೊರೆ ಬಿದ್ದು ಬೆನ್ನು ಬಾಗಿದ ಗೃಹಸ್ಥನು ರಾತ್ರೋರಾತ್ರಿ ಊರು ಬಿಡುವುದನ್ನೋ, ಅದಕ್ಕಿಂತ ಘೋರವಾದುದನ್ನೋ ಆಲೋಚಿಸುವನೇ ಹೊರತು, ನ್ಯಾಯಾಲಯದಲ್ಲಿ ತನಗಾಗಿಯೇ ಒಂದು ಬಾಗಿಲು ತೆರೆದಿದೆಯೆಂಬುದನ್ನು ನೆನೆಯುವುದಿಲ್ಲ. ನೆನೆದರೂ, ಆ ಬಾಗಿಲಿನ ವಿಷಯದಲ್ಲಿ ಅವನು ಕೇಳಿರುವ ಮಾತುಗಳಲ್ಲಿ ಬಹುಪಾಲು ಸುಳ್ಳು.

ದಿವಾಳಿ ಅರ್ಜಿಯೆಂದರೆ, ಋಣಿಯಾದವನು ತನ್ನ ಆಸ್ತಿ ಮತ್ತು ಸಾಲಗಳ ಸಮಗ್ರ ಲೆಕ್ಕವನ್ನು ನ್ಯಾಯಾಲಯದ ಮುಂದೆ ನಿಷ್ಕಪಟವಾಗಿ ತೆರೆದಿಟ್ಟು, ಅದಕ್ಕೆ ಪ್ರತಿಯಾಗಿ ರಕ್ಷಣೆಯನ್ನೂ ಕಾಲಾಂತರದಲ್ಲಿ ಬಿಡುಗಡೆಯನ್ನೂ ಕೋರುವ ಕ್ರಮ. ಈ ಒಂದು ತತ್ತ್ವವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಕೆಳಗಿನ ತಪ್ಪು ಕಲ್ಪನೆಗಳು ತಾವಾಗಿಯೇ ಸಡಿಲವಾಗುತ್ತವೆ.

ಕಲ್ಪನೆ: 2016ರ ಹೊಸ ದಿವಾಳಿ ಸಂಹಿತೆ ಬಂದ ಮೇಲೆ ಯಾರು ಬೇಕಾದರೂ ಅದರಡಿಯಲ್ಲಿ ಸಾಲದಿಂದ ಪಾರಾಗಬಹುದು.

ಸತ್ಯ: ದೊಡ್ಡ ದೊಡ್ಡ ಕಂಪನಿಗಳ ಸುದ್ದಿಯೊಡನೆ ಪತ್ರಿಕೆಗಳಲ್ಲಿ ನಿತ್ಯವೂ ಕಾಣುವ ಆ ಸಂಹಿತೆಯ ಮೂರನೆಯ ಭಾಗವು ವ್ಯಕ್ತಿಗಳ ಮತ್ತು ಪಾಲುದಾರಿಕೆ ಸಂಸ್ಥೆಗಳ ದಿವಾಳಿತನಕ್ಕೆಂದೇ ರಚಿತವಾದುದು ನಿಜ. ವರ್ಷಕ್ಕೆ 60,000 ರೂಪಾಯಿಗೆ ಮೀರದ ಆದಾಯ, 20,000 ರೂಪಾಯಿಗೆ ಮೀರದ ಆಸ್ತಿ, 35,000 ರೂಪಾಯಿಗೆ ಮೀರದ ಸಾಲವುಳ್ಳ, ಸ್ವಂತ ಮನೆಯಿಲ್ಲದ ಬಡವನಿಗೆ ಹೊಸ ಆರಂಭವನ್ನು ಕಲ್ಪಿಸುವ ಕಲಮುಗಳೂ ಅದರಲ್ಲಿವೆ. ಆದರೆ ಶಾಸನಗ್ರಂಥದಲ್ಲಿ ಅಚ್ಚಾದ ಕಲಮು ಬೇರೆ, ಜಾರಿಗೆ ಬಂದ ಕಲಮು ಬೇರೆ. 2019ರ ಡಿಸೆಂಬರ್ 1ರಿಂದ ಈ ಭಾಗವನ್ನು ಜಾರಿಗೆ ತಂದಿರುವುದು ಕಂಪನಿಗಳ ಸಾಲಕ್ಕೆ ವೈಯಕ್ತಿಕವಾಗಿ ಜಾಮೀನು ನಿಂತವರ ಮಟ್ಟಿಗೆ ಮಾತ್ರ. ಆ ಅಧಿಸೂಚನೆಯನ್ನು ಸುಪ್ರೀಂ ಕೋರ್ಟು 2021ರ ಮೇ ತಿಂಗಳಲ್ಲಿಯೂ, ಸಂಬಂಧಪಟ್ಟ ಕಲಮುಗಳ ಸಾಂವಿಧಾನಿಕತೆಯನ್ನು 2023ರ ನವೆಂಬರಿನಲ್ಲಿಯೂ ಎತ್ತಿಹಿಡಿದಿದೆ. ಉಳಿದವರಿಗೆ, ಅಂದರೆ ಉತ್ತರಹಳ್ಳಿಯ ದಿನಸಿ ಅಂಗಡಿಯವನಿಗೂ, ಕಾರ್ಖಾನೆಯ ಸಂಬಳಗಾರನಿಗೂ, ಇಂದಿಗೂ ಅನ್ವಯಿಸುವುದು ಬ್ರಿಟಿಷರ ಕಾಲದ 1920ರ ಪ್ರಾಂತೀಯ ದಿವಾಳಿ ಕಾಯಿದೆಯೇ. ಅರ್ಜಿಯು ಸಲ್ಲತಕ್ಕದ್ದು ಋಣಿಯು ಸಾಮಾನ್ಯವಾಗಿ ವಾಸಿಸುವ ಅಥವಾ ವ್ಯಾಪಾರ ನಡೆಸುವ ಸ್ಥಳದ ಮೇಲೆ ಅಧಿಕಾರವುಳ್ಳ ಸಿವಿಲ್ ನ್ಯಾಯಾಲಯದಲ್ಲಿ.

ಕಲ್ಪನೆ: ಪಾಪರ್ ಚೀಟಿ ಕೈಗೆ ಬಂದರೆ ಸಾಲವೆಲ್ಲ ಮನ್ನಾ.

ಸತ್ಯ: ಹಾಗೊಂದು ಚೀಟಿಯೇ ಇಲ್ಲ. ಇರುವುದು ಎರಡು ಪ್ರತ್ಯೇಕ ಆಜ್ಞೆಗಳು. ಇವೆರಡರ ನಡುವಣ ಅಂತರವನ್ನರಿಯದೆ ಕೆಟ್ಟವರು ಅನೇಕರು. ಮೊದಲನೆಯದು ಅರ್ಜಿದಾರನನ್ನು ದಿವಾಳಿಯೆಂದು ಘೋಷಿಸುವ ಆಜ್ಞೆ. ಅದು ರಾಜ್ಯಪತ್ರದಲ್ಲಿ ಪ್ರಕಟವಾಗುತ್ತದೆ. ಅಂದಿನಿಂದ ಅವನ ಆಸ್ತಿಯು ನ್ಯಾಯಾಲಯಕ್ಕೆ ಅಥವಾ ಅದು ನೇಮಿಸಿದ ರಿಸೀವರಿಗೆ ಸೇರಿ, ಸಾಲ ಕೊಟ್ಟವರಿಗೆ ಪ್ರಮಾಣಾನುಸಾರವಾಗಿ ಹಂಚಿಕೆಯಾಗಬೇಕು. ಎರಡನೆಯದು ಋಣವಿಮೋಚನೆಯ ಆಜ್ಞೆ. ಇದು ತಾನಾಗಿ ಬರುವುದಿಲ್ಲ. ಮೊದಲ ಆಜ್ಞೆಯಲ್ಲಿ ಗೊತ್ತುಪಡಿಸಿದ ಅವಧಿಯೊಳಗೆ ಋಣಿಯೇ ಮತ್ತೊಂದು ಅರ್ಜಿಯನ್ನು ಸಲ್ಲಿಸಬೇಕು, ಸಲ್ಲಿಸದಿದ್ದರೆ ಮೊದಲಿನ ಘೋಷಣೆಯೇ ರದ್ದಾಗಬಹುದು. ಆಸ್ತಿಯ ಮೌಲ್ಯವು ಸಾಲದ ರೂಪಾಯಿಗೆ ಎಂಟಾಣೆಯಷ್ಟೂ ಇಲ್ಲದಿದ್ದರೆ, ಆ ಕೊರತೆಯು ತನ್ನ ಕೈಮೀರಿದ ಕಾರಣಗಳಿಂದ ಉಂಟಾಯಿತೆಂಬುದನ್ನು ಋಣಿಯು ಮನಗಾಣಿಸಿದ ಹೊರತು ನಿರುಪಾಧಿಕ ವಿಮೋಚನೆ ದೊರೆಯದು.

ವಿಮೋಚನೆ ದೊರೆತ ಮೇಲೆಯೂ ಸರ್ಕಾರಕ್ಕೆ ಸಲ್ಲಬೇಕಾದ ಬಾಕಿ, ವಂಚನೆಯಿಂದ ಮಾಡಿದ ಸಾಲ, ಹೆಂಡತಿ ಮಕ್ಕಳ ಜೀವನಾಂಶ ಇವು ತೊಲಗುವುದಿಲ್ಲ. ಚೀಟಿಗೆ ಜಾಮೀನು ನಿಂತ ಭಾವಮೈದುನನಿಗೂ ಬಿಡುಗಡೆಯಿಲ್ಲ. ಋಣಿಯ ವಿಮೋಚನೆಯು ಜಾಮೀನುದಾರನ ವಿಮೋಚನೆಯಾಗದೆಂದು ಕಾಯಿದೆಯೇ ಸ್ಪಷ್ಟವಾಗಿ ಹೇಳಿದೆ. ಮನೆಯನ್ನು ಅಡವಿಟ್ಟು ಪಡೆದ ಬ್ಯಾಂಕಿನ ಸಾಲದಲ್ಲಿ ಅಡಮಾನದ ಮೇಲಿನ ಬ್ಯಾಂಕಿನ ಹಕ್ಕು ದಿವಾಳಿ ಆಜ್ಞೆಯಿಂದ ಕುಂದುವುದಿಲ್ಲ. ಚೆಕ್ಕು ಬೌನ್ಸಾದ ಮೊಕದ್ದಮೆಯೋ ಬೇರೊಂದೇ ಪ್ರಕರಣ. ಅದು ಕ್ರಿಮಿನಲ್ ನ್ಯಾಯಾಲಯದಲ್ಲಿ ತನ್ನ ದಾರಿಯಲ್ಲಿಯೇ ಸಾಗುತ್ತದೆ.

ಕಲ್ಪನೆ: ಕಂಪ್ಯೂಟರಿನಲ್ಲಿ ಅರ್ಜಿ ಹಾಕಿದ ಮರುಕ್ಷಣದಿಂದ ಯಾರೂ ಬಾಗಿಲು ತಟ್ಟುವಂತಿಲ್ಲ.

ಸತ್ಯ: ಈ ನಂಬಿಕೆಯು ಬಹುಶಃ ಹೊರದೇಶದಲ್ಲಿರುವ ಮಕ್ಕಳ ಬಾಯಿಂದ ಬಂದದ್ದು. ಅಮೆರಿಕದಲ್ಲಿ ದಿವಾಳಿ ಅರ್ಜಿಯು ದಾಖಲಾದೊಡನೆಯೇ ಸಾಲವಸೂಲಿಯ ಬಹುತೇಕ ಕ್ರಮಗಳಿಗೆ ಕಾನೂನಿನ ತಡೆ ಬೀಳುತ್ತದೆ. ನಮ್ಮ 1920ರ ಕಾಯಿದೆಯಲ್ಲಿ ಹಾಗಿಲ್ಲ. ಸಾಲ ಕೊಟ್ಟವರು ನ್ಯಾಯಾಲಯದ ಅನುಮತಿಯಿಲ್ಲದೆ ದಾವೆ ಹೂಡಬಾರದೆಂಬ ನಿರ್ಬಂಧವು ಹುಟ್ಟುವುದು ದಿವಾಳಿಯೆಂಬ ಘೋಷಣೆಯಾದ ಮೇಲೆ. ಅಲ್ಲಿಯವರೆಗಿನ ರಕ್ಷಣೆಯನ್ನು ಕೇಳಿ ಪಡೆಯಬೇಕು. ನ್ಯಾಯಾಧೀಶರು ವಿಚಾರಿಸಿ ಕೊಡಬೇಕು.

ಆದರೆ ಅರ್ಜಿಯೇ ಇಲ್ಲದಿದ್ದರೂ ಋಣಿಯು ಅನಾಥನಲ್ಲ. ವಸೂಲಿ ಏಜೆಂಟರು ಬೆಳಗಿನ 8 ಗಂಟೆಗೆ ಮುಂಚೆಯಾಗಲಿ ಸಂಜೆ 7ರ ಬಳಿಕವಾಗಲಿ ಸಾಲಗಾರನಿಗೆ ಕರೆಮಾಡಕೂಡದೆಂದು ರಿಸರ್ವ್ ಬ್ಯಾಂಕು 2022ರಲ್ಲಿ ಬ್ಯಾಂಕುಗಳಿಗೆ ಕಟ್ಟಪ್ಪಣೆ ಮಾಡಿದೆ. ಕಿರುಸಾಲದ ಹೆಸರಿನಲ್ಲಿ ನಡೆಯುವ ಬಲಾತ್ಕಾರವನ್ನು ತಡೆಯಲು ಕರ್ನಾಟಕ ಸರ್ಕಾರವು 2025ರ ಫೆಬ್ರವರಿಯಲ್ಲಿ ಹೊರಡಿಸಿದ ಅಧ್ಯಾದೇಶವು ತಪ್ಪಿತಸ್ಥರಿಗೆ 10 ವರ್ಷಗಳವರೆಗಿನ ಸೆರೆಯನ್ನೂ 5 ಲಕ್ಷ ರೂಪಾಯಿಗಳವರೆಗಿನ ದಂಡವನ್ನೂ ವಿಧಿಸಿತು.

ಕಲ್ಪನೆ: ಇ-ಫೈಲಿಂಗ್ ವಕೀಲರಿಗೆ ಮಾತ್ರ, ಒಮ್ಮೆ ಕಳುಹಿಸಿದರೆ ಕೆಲಸ ಮುಗಿಯಿತು.

ಸತ್ಯ: ಇವೆರಡೂ ತಪ್ಪು. ಸುಪ್ರೀಂ ಕೋರ್ಟಿನ ಇ-ಸಮಿತಿಯ ಮಾರ್ಗದರ್ಶನದಲ್ಲಿ ಬೆಳೆದ, ಮೂರನೆಯ ಹಂತಕ್ಕಾಗಿ 2023ರಲ್ಲಿ 7,210 ಕೋಟಿ ರೂಪಾಯಿ ಮಂಜೂರಾದ ಇ-ಕೋರ್ಟ್ಸ್ ಯೋಜನೆಯ ಅಂತರ್ಜಾಲ ವ್ಯವಸ್ಥೆಯಲ್ಲಿ ವಕೀಲರಂತೆಯೇ ಸ್ವತಃ ಕಕ್ಷಿಗಾರನೂ ಮೊಬೈಲ್ ಸಂಖ್ಯೆ ಕೊಟ್ಟು, ಬಂದ ಒಟಿಪಿ ನಮೂದಿಸಿ, ಖಾತೆ ತೆರೆಯಬಹುದು. ನ್ಯಾಯಾಲಯವನ್ನೂ ಪ್ರಕರಣದ ಬಗೆಯನ್ನೂ ಆರಿಸಿ, ಕಕ್ಷಿಗಾರರ ವಿವರ ತುಂಬಿ, ಅರ್ಜಿ ಹಾಗೂ ದಾಖಲೆಗಳನ್ನು ಪಿಡಿಎಫ್ ರೂಪದಲ್ಲಿ ಏರಿಸಿ, ಶುಲ್ಕ ಕಟ್ಟಿ, ಆಧಾರ್ ಮೂಲಕವೋ ಡಿಜಿಟಲ್ ಸಹಿಯ ಮೂಲಕವೋ ರುಜು ಹಾಕಿ ಕಳುಹಿಸುವುದು ಅದರ ಕ್ರಮ. ಕಂಪ್ಯೂಟರಿನ ಪರಿಚಯವಿಲ್ಲದವರಿಗೆ ನೆರವಾಗಲೆಂದು ನ್ಯಾಯಾಲಯ ಸಂಕೀರ್ಣಗಳಲ್ಲಿ ಇ-ಸೇವಾ ಕೇಂದ್ರಗಳನ್ನು ತೆರೆಯಲಾಗಿದೆ.

ಆದರೆ ಪರದೆಯ ಮೇಲೆ ಸ್ವೀಕೃತಿಯ ಸಂಖ್ಯೆ ಮೂಡಿದ ಮಾತ್ರಕ್ಕೆ ಅರ್ಜಿಯು ಅಂಗೀಕೃತವಾಯಿತೆಂದು ತಿಳಿಯಬಾರದು. ಕಚೇರಿಯ ಸಿಬ್ಬಂದಿ ಅದನ್ನು ಪರಿಶೀಲಿಸಿ, ಪುಟವೊಂದು ಮಸುಕಾಗಿದ್ದರೂ, ಸಹಿಯೊಂದು ತಪ್ಪಿದ್ದರೂ, ಶುಲ್ಕ ಕಡಮೆಯಾಗಿದ್ದರೂ ಆಕ್ಷೇಪಣೆ ಬರೆದು ಹಿಂದಿರುಗಿಸುತ್ತಾರೆ. ಅದನ್ನು ಸರಿಪಡಿಸಿ ಮರಳಿ ಕಳುಹಿಸಿದ ಮೇಲೆಯೇ ಪ್ರಕರಣವು ನೋಂದಣಿಯಾಗಿ, ಸಿಎನ್‌ಆರ್ ಎಂಬ 16 ಅಕ್ಷರ-ಅಂಕಿಗಳ ಗುರುತು ದೊರೆಯುವುದು. ಅದನ್ನು ಇಟ್ಟುಕೊಂಡರೆ ಮುಂದಿನ ತಾರೀಖು, ಹೊರಬಿದ್ದ ಆಜ್ಞೆ ಇವನ್ನೆಲ್ಲ ಮನೆಯಲ್ಲಿಯೇ ಕುಳಿತು ಮೊಬೈಲಿನಲ್ಲಿ ನೋಡಬಹುದು. ಯಂತ್ರವು ಉಳಿಸಿಕೊಡುವುದು ಓಡಾಟವನ್ನು; ವಿಚಾರಣೆಯನ್ನಲ್ಲ. ನೋಟೀಸು ಪಡೆದ ಸಾಲಿಗರ ಎದುರಿನಲ್ಲಿ ಋಣಿಯು ಪ್ರಶ್ನೆಗಳಿಗೆ ಪ್ರಮಾಣಪೂರ್ವಕವಾಗಿ ಉತ್ತರಿಸಲೇಬೇಕು.

ಕಲ್ಪನೆ: ಉಟ್ಟ ಬಟ್ಟೆಯಲ್ಲಿ ಬೀದಿಗೆ ಹಾಕುತ್ತಾರೆ; ಆದ್ದರಿಂದ ಮೊದಲೇ ಆಸ್ತಿಯನ್ನು ಹೆಂಡತಿಯ ಹೆಸರಿಗೆ ಬರೆದಿಡಬೇಕು.

ಸತ್ಯ: ಭಯವೂ ತಪ್ಪು, ಆ ಭಯದಿಂದ ಹುಟ್ಟಿದ ಉಪಾಯವಂತೂ ಆತ್ಮಘಾತಕ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು ಜಫ್ತಿಗೆ ಒಳಪಡಿಸಬಾರದೆಂದು ಹೇಳಿರುವ ವಸ್ತುಗಳು ದಿವಾಳಿಯಲ್ಲಿಯೂ ಋಣಿಯಲ್ಲೇ ಉಳಿಯುತ್ತವೆ. ಮನೆಯವರ ಅವಶ್ಯ ಉಡುಪು, ಅಡಿಗೆಯ ಪಾತ್ರೆ, ಹಾಸಿಗೆ, ಬಡಗಿಯ ಉಳಿ, ದರ್ಜಿಯ ಹೊಲಿಗೆಯಂತ್ರದಂಥ ಕಸುಬಿನ ಉಪಕರಣಗಳು, ಬೇಸಾಯಗಾರನ ನೇಗಿಲು, ಎತ್ತು, ಬಿತ್ತನೆ ಬೀಜ, ಭವಿಷ್ಯನಿಧಿ, ಜೀವವಿಮೆಯ ಹಣ, ಸಂಬಳದ ಮೊದಲ 1,000 ರೂಪಾಯಿ ಮತ್ತು ಉಳಿದುದರ ಮೂರರಲ್ಲಿ ಎರಡು ಪಾಲು ಇವೆಲ್ಲ ಆ ಪಟ್ಟಿಯಲ್ಲಿವೆ. ಧರ್ಮಾಚಾರದ ಪ್ರಕಾರ ಸ್ತ್ರೀಯು ಮೈಯಿಂದ ತೆಗೆಯಕೂಡದ ಆಭರಣವನ್ನೂ ಮುಟ್ಟುವಂತಿಲ್ಲ. ಎಂದರೆ ಅಮೀನನು ಜಫ್ತಿಗೆ ಬಂದಾಗ ಗೃಹಿಣಿಯ ಕೊರಳಿನ ತಾಳಿಗೆ ಕೈಹಾಕಲಾರ. ವಾಸದ ಮನೆಗೆ ಮಾತ್ರ ಎಲ್ಲರಿಗೂ ಇಂಥ ರಕ್ಷೆಯಿಲ್ಲ. ಬೇಸಾಯಗಾರ, ಕೂಲಿಕಾರ, ಮನೆಗೆಲಸದವರ ವಾಸಗೃಹಕ್ಕೆ ಅದು ಉಂಟು, ವ್ಯಾಪಾರಿಯ ಮೂರಂತಸ್ತಿನ ಬಾಡಿಗೆ ಕಟ್ಟಡಕ್ಕೆ ಇಲ್ಲ.

ಇನ್ನು ಹೆಂಡತಿಯ ಹೆಸರಿಗೆ ದಾನಪತ್ರ ಬರೆಯುವ ಮಾತು. ಪ್ರತಿಫಲವಿಲ್ಲದೆ ಮಾಡಿದ ವರ್ಗಾವಣೆಯ ತರುವಾಯ ಎರಡು ವರ್ಷಗಳೊಳಗೆ ಸಲ್ಲಿಕೆಯಾದ ಅರ್ಜಿಯ ಮೇಲೆ ಋಣಿಯು ದಿವಾಳಿಯೆಂದು ಘೋಷಿತನಾದರೆ ನ್ಯಾಯಾಲಯವು ಅದನ್ನು ಅಸಿಂಧುಗೊಳಿಸಬಹುದು. ಅರ್ಜಿಗೆ ಮುಂಚಿನ ಮೂರು ತಿಂಗಳಲ್ಲಿ ಒಬ್ಬ ಸಾಲಿಗನಿಗೆ ಅನುಕೂಲ ಮಾಡಿಕೊಡುವ ಉದ್ದೇಶದಿಂದ ಅವನ ಹಣವನ್ನಷ್ಟೇ ತೀರಿಸಿದ್ದರೆ ಅದನ್ನೂ ತಿರುಗಿಸಬಹುದು. ಆಸ್ತಿಯನ್ನು ವಂಚನೆಯಿಂದ ಮುಚ್ಚಿಟ್ಟವನಿಗೆ ಒಂದು ವರ್ಷದವರೆಗೆ ಸೆರೆವಾಸವುಂಟು, ಮತ್ತು ಅದೇ ಕಾರಣಕ್ಕೆ ವಿಮೋಚನೆಯೂ ಕೈತಪ್ಪುತ್ತದೆ. ಕಾಯಿದೆಯ ಆಶ್ರಯಕ್ಕೆ ಅರ್ಹನಾಗಿದ್ದ ದುರ್ದೈವಿಯೊಬ್ಬನು ಅಂಜಿಕೆಯಿಂದ ಮಾಡಿದ ಒಂದು ಬರಹದಿಂದ ಅಪರಾಧಿಯಾಗಿ ನಿಲ್ಲುವುದಕ್ಕಿಂತ ಶೋಚನೀಯವಾದುದು ಈ ವಿಷಯದಲ್ಲಿ ಮತ್ತೊಂದಿಲ್ಲ.

ಕಲ್ಪನೆ: ಸಾಲ ತೀರಿಸಲಾಗದವನಿಗೆ ಜೈಲು, ದಿವಾಳಿಯಾದವನಿಗೆ ಜನ್ಮಪರ್ಯಂತ ಕಳಂಕ.

ಸತ್ಯ: ಬಡತನವು ಅಪರಾಧವಲ್ಲ. ಶಕ್ತಿಯಿದ್ದೂ ದುರ್ಬುದ್ಧಿಯಿಂದ ಕೊಡದವನನ್ನು ಮಾತ್ರ ಸಿವಿಲ್ ಸೆರೆಗೆ ಕಳುಹಿಸಬಹುದೆಂದೂ, ಕೇವಲ ಅಶಕ್ತಿಯಿಂದ ಬಾಕಿ ಉಳಿಸಿಕೊಂಡವನನ್ನು ಹಾಗೆ ಕಳುಹಿಸಲಾಗದೆಂದೂ ಸುಪ್ರೀಂ ಕೋರ್ಟು 1980ರಲ್ಲಿಯೇ, ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರ ತೀರ್ಪಿನಲ್ಲಿ, ಸಾರಿದೆ. ಹಣದ ಡಿಕ್ರಿಗಾಗಿ ಸ್ತ್ರೀಯರನ್ನು ಬಂಧಿಸುವಂತೆಯೇ ಇಲ್ಲ. ವಿಮೋಚನೆ ಪಡೆಯದ ದಿವಾಳಿಯು ಶಾಸನಸಭೆಗಾಗಲಿ ಲೋಕಸಭೆಗಾಗಲಿ ಸದಸ್ಯನಾಗಲಾರನೆಂದು ಸಂವಿಧಾನವು ಹೇಳಿರುವುದು ನಿಜವಾದರೂ, ದಿವಾಳಿತನವು ದುರದೃಷ್ಟದಿಂದ ಬಂದುದೇ ಹೊರತು ದುರ್ನಡತೆಯಿಂದಲ್ಲವೆಂಬ ಪ್ರಮಾಣಪತ್ರವನ್ನು ವಿಮೋಚನೆಯೊಡನೆ ಕೊಡುವ ಅಧಿಕಾರವನ್ನು 1920ರ ಕಾಯಿದೆಯೇ ನ್ಯಾಯಾಲಯಕ್ಕೆ ಇತ್ತಿದೆ. ಒಬ್ಬ ಗೃಹಸ್ಥನ ಮಾನವನ್ನು ಕಾಯಲು ಇದಕ್ಕಿಂತ ಗೌರವಯುತವಾದ ಪತ್ರ ಯಾವುದು?

ಆದುದರಿಂದ ಸಂಕಟದಲ್ಲಿರುವವರು ಮೊದಲು ಮಾಡತಕ್ಕದ್ದು ಕಂಪ್ಯೂಟರಿನ ಮುಂದೆ ಕೂರುವುದಲ್ಲ, ಒಂದು ನೋಟುಪುಸ್ತಕವನ್ನು ಎದುರಿಗಿಟ್ಟುಕೊಳ್ಳುವುದು. ಯಾರಿಗೆ ಎಷ್ಟು ಕೊಡಬೇಕು, ಅವರ ವಿಳಾಸವೇನು, ತನಗಿರುವ ಆಸ್ತಿ ಯಾವುದು, ಅದು ಎಲ್ಲಿದೆ, ಅದರ ಬೆಲೆಯೆಷ್ಟು ಎಂಬುದನ್ನು ಮನೆಯವರಿಂದಲೂ ಮರೆಮಾಚದೆ ಬರೆಯಬೇಕು. ಅರ್ಜಿಯಲ್ಲಿ ಕಾಯಿದೆಯು ಕೇಳುವುದೂ ಇವನ್ನೇ. ಆಮೇಲೆ ನಂಬಿಕೆಯ ವಕೀಲರನ್ನು ಕಾಣಬೇಕು. ಸ್ತ್ರೀಯರೂ, ಪರಿಶಿಷ್ಟ ಜಾತಿ ಪಂಗಡಗಳವರೂ, ಕೈಗಾರಿಕಾ ಕಾರ್ಮಿಕರೂ 1987ರ ಕಾನೂನು ಸೇವೆಗಳ ಕಾಯಿದೆಯ ಮೇರೆಗೆ ಉಚಿತ ನೆರವಿಗೆ ಅರ್ಹರು. 15100 ಸಂಖ್ಯೆಗೆ ಕರೆಮಾಡಿದರೆ ದಾರಿ ತೋರಿಸುತ್ತಾರೆ. ಎರಡನೆಯ ಸಾಲದಿಂದ ಮೊದಲನೆಯದರ ಬಡ್ಡಿ ಕಟ್ಟಲು ಆರಂಭಿಸಿದ ತಿಂಗಳಿನಲ್ಲಿಯೇ ಈ ಲೆಕ್ಕ ಬರೆದವನಿಗೆ ಬ್ಯಾಂಕಿನೊಡನೆ ಮಾತುಕತೆ, ಲೋಕ ಅದಾಲತ್ತಿನಲ್ಲಿ ರಾಜಿ, ಕೊನೆಗೆ ದಿವಾಳಿ ಅರ್ಜಿ ಎಂಬ ಮೂರು ಹಾದಿಗಳಿರುತ್ತವೆ. ಅಡವಿಡಲು ಏನೂ ಉಳಿಯದ ಮೇಲೆ ಬರೆದವನಿಗೆ ಕಡೆಯದೊಂದೇ ಉಳಿಯುತ್ತದೆ.