ಎಕರೆಯಿಂದ ಚದರಡಿಗೆ

ಹೊಸಕೋಟೆ ದಾಟಿ ಕೋಲಾರ, ಮುಳಬಾಗಿಲು ಕಡೆಗೆ ಹೊರಟರೆ ರಾಷ್ಟ್ರೀಯ ಹೆದ್ದಾರಿ 75ರ ಎರಡೂ ಬದಿಯಲ್ಲಿ ಬಡಾವಣೆಗಳ ಫಲಕಗಳು ಸಾಲುಗಟ್ಟುತ್ತವೆ. ಫಲಕದ ಮೇಲಿನ ಲೆಕ್ಕ ಚದರಡಿಯದು. ಅದರ ಹಿಂದಿನ ಹೊಲದ ಪಹಣಿಯಲ್ಲಿರುವ ಲೆಕ್ಕ ಎಕರೆ, ಗುಂಟೆಯದು. ನಲವತ್ತು ಗುಂಟೆಗೆ ಒಂದು ಎಕರೆ, ಒಂದು ಗುಂಟೆಗೆ 1,089 ಚದರಡಿ. ರೈತ ಎಕರೆ ಲೆಕ್ಕದಲ್ಲಿ ಮಾರುತ್ತಾನೆ, ನಡುವಿನವನು ಅಗ್ರಿಮೆಂಟ್ ಹಾಕಿಸಿಕೊಂಡು ಗುಂಟೆ ಲೆಕ್ಕದಲ್ಲಿ ಕೈ ಬದಲಾಯಿಸುತ್ತಾನೆ, ಕೊನೆಗೆ ಬೆಂಗಳೂರಿನ ಸಂಬಳದಾರ ಚದರಡಿಗೆ ದುಡ್ಡು ಎಣಿಸುತ್ತಾನೆ. ಈ ಮೂರು ದರಗಳ ನಡುವಿನ ಅಂತರ ಎಷ್ಟು ದೊಡ್ಡದೋ, ಹೊಲ ಹೊಲವಾಗಿಯೇ ಉಳಿಯುವುದು ಅಷ್ಟು ಕಷ್ಟ.

ವರ್ಷವಿಡೀ ಹರಿಯುವ ನದಿ ಕೋಲಾರ ಜಿಲ್ಲೆಗೆ ಇಲ್ಲ. ಇರುವುದು ಕೆರೆಗಳು ಮತ್ತು ಸಾವಿರ ಅಡಿ ದಾಟಿದರೂ ನೀರು ಸಿಗುತ್ತದೆಂಬ ಖಾತ್ರಿಯಿಲ್ಲದ ಬೋರ್‌ವೆಲ್‌ಗಳು. ಆದರೂ ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಕೋಲಾರದ ಎಪಿಎಂಸಿಯೂ ಒಂದು. ಮಾವೆಂದರೆ ಶ್ರೀನಿವಾಸಪುರ; ಹಾಲು, ರೇಷ್ಮೆಗೂ ಜಿಲ್ಲೆಗೆ ಹೆಸರಿದೆ. ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಅದಾದ ಮೇಲೆ ಜಿಲ್ಲೆಗೆ ಉದ್ಯೋಗ ತರುವ ಹೊಣೆ ಬಿದ್ದದ್ದು ಮಾಲೂರು, ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳ ಮೇಲೆ. ನರಸಾಪುರದಲ್ಲಿ 2013ರಲ್ಲಿ ಹೋಂಡಾ ದ್ವಿಚಕ್ರ ವಾಹನ ಕಾರ್ಖಾನೆ ಶುರುವಾಯಿತು. ಮುಂದೆ ಐಫೋನ್ ಜೋಡಿಸುವ ವಿಸ್ಟ್ರಾನ್ ಬಂತು, ಈಗ ಅದು ಟಾಟಾ ಕೈಯಲ್ಲಿದೆ. ಸುತ್ತಲಿನ ಹಳ್ಳಿಗಳ ಹುಡುಗ ಹುಡುಗಿಯರಿಗೆ ಕೆಲಸ ಸಿಕ್ಕಿದ್ದು ನಿಜ. 2020ರ ಡಿಸೆಂಬರ್ 12ರಂದು ಸಂಬಳದ ಜಗಳ ಸಿಡಿದು ಅದೇ ಕಾರ್ಖಾನೆಯ ಗಾಜುಗಳು ಪುಡಿಯಾದದ್ದೂ ನಿಜ. ಹಾಗಾಗಿ ಭೂಮಿ ಉಳಿಸುವ ಮಾತನ್ನು ಇಲ್ಲಿ ಕೈಗಾರಿಕೆ ಬೇಕೋ ಬೇಡವೋ ಎಂಬ ಒಂದೇ ಪ್ರಶ್ನೆಗೆ ಇಳಿಸಿಬಿಟ್ಟರೆ ಅರ್ಧ ವಿಷಯ ಕೈತಪ್ಪುತ್ತದೆ.

ಭೂಮಿ ಕೈಬಿಡುವ ದಾರಿಗಳು ಎರಡು. ಒಂದು ಸರ್ಕಾರ ವಶಪಡಿಸಿಕೊಳ್ಳುವುದು, ಇನ್ನೊಂದು ರೈತನೇ ಮಾರುವುದು. ಮೊದಲನೆಯದರ ವಿರುದ್ಧ ಧರಣಿ ಕೂರಬಹುದು. ಎರಡನೆಯದರ ವಿರುದ್ಧ ಯಾರ ಮನೆ ಮುಂದೆ ಕೂರುವುದು?

ಮೊದಲ ದಾರಿಗೆ ಅಡ್ಡ ನಿಂತವರ ದೊಡ್ಡ ಉದಾಹರಣೆ ಕೋಲಾರದ ನೆರೆಯಲ್ಲೇ ಇದೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ವೈಮಾನಿಕ ಮತ್ತು ರಕ್ಷಣಾ ಕೈಗಾರಿಕಾ ಪಾರ್ಕಿಗೆ ಬೇಕೆಂದು ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) 2022ರ ಆರಂಭದಲ್ಲಿ ಅಧಿಸೂಚನೆ ಹೊರಡಿಸಿತು. ಅದೇ ವರ್ಷ ಏಪ್ರಿಲ್ 4ರಂದು ರೈತರು ಧರಣಿಗೆ ಕೂತರು. ಸರ್ಕಾರ ಬದಲಾಯಿತು, ಧರಣಿ ಏಳಲಿಲ್ಲ. 2025ರ ಜೂನ್‌ನಲ್ಲಿ ಮೂರು ಹಳ್ಳಿಗಳ 495 ಎಕರೆ ಬಿಡುತ್ತೇವೆ, ಉಳಿದದ್ದು ಕೊಡಿ ಎಂಬ ಮಾತು ಬಂತು. ಒಡೆದು ಆಳುವ ಈ ಲೆಕ್ಕಕ್ಕೆ ಹಳ್ಳಿಗಳು ಒಪ್ಪಲಿಲ್ಲ. ತಮ್ಮ ಜಮೀನು ಪಾರಾದ ಮೂರು ಊರಿನವರೂ ಶಾಮಿಯಾನ ಬಿಟ್ಟು ಹೋಗಲಿಲ್ಲ. ಜೂನ್ 25ರ ‘ದೇವನಹಳ್ಳಿ ಚಲೋ’ದಲ್ಲಿ ಪೊಲೀಸರು ಹೋರಾಟಗಾರರನ್ನು ಎಳೆದೊಯ್ದ ಮೇಲೆ ಸುದ್ದಿ ರಾಜ್ಯದ ತುಂಬ ಹರಡಿತು. ಜುಲೈ 15ರಂದು, ಧರಣಿಯ 1,198ನೇ ದಿನ, ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಪ್ರಕ್ರಿಯೆಯನ್ನು ಪೂರ್ತಿ ಕೈಬಿಡುವುದಾಗಿ ಹೇಳಿದರು.

ಆ ದಿನವೇ ನಡೆದ ಇನ್ನೊಂದು ಪ್ರಸಂಗವನ್ನು ಇಲ್ಲಿ ನೆನೆಯಬೇಕು. ಆಂಧ್ರಪ್ರದೇಶದ ಸಚಿವ ನಾರಾ ಲೋಕೇಶ್ ಎಕ್ಸ್‌ನಲ್ಲಿ ವೈಮಾನಿಕ ಉದ್ಯಮದವರನ್ನು ಕರೆದರು: ಬೆಂಗಳೂರಿನ ಪಕ್ಕದಲ್ಲೇ ತಮ್ಮ ರಾಜ್ಯದಲ್ಲಿ 8,000 ಎಕರೆ ಸಿದ್ಧವಿದೆಯಂತೆ. ಮುಳಬಾಗಿಲು, ಶ್ರೀನಿವಾಸಪುರದಂಥ ಗಡಿ ತಾಲ್ಲೂಕುಗಳಲ್ಲಿ ಈ ಪೈಪೋಟಿ ಹೊಸ ಸುದ್ದಿಯೇನಲ್ಲ. ಒಂದು ಊರು ಬೇಡವೆಂದರೆ ಯೋಜನೆ ಸಾಯುವುದಿಲ್ಲ, ಹಲವು ಸಲ ಗಡಿಯಾಚೆಯ ಇನ್ನೊಂದು ಊರಿನ ಬಾಗಿಲು ತಟ್ಟುತ್ತದೆ. ಸಿದ್ದರಾಮಯ್ಯನವರ ಘೋಷಣೆಯಲ್ಲೂ ಒಂದು ಕಿಂಡಿ ಉಳಿದಿತ್ತು: ಸ್ವಇಚ್ಛೆಯಿಂದ ಕೊಡುವವರಿಂದ ಹೆಚ್ಚಿನ ಪರಿಹಾರ ಕೊಟ್ಟು ಪಡೆಯುತ್ತೇವೆ ಎಂದಿದ್ದರು. ಮೊದಲ ದಾರಿ ಮುಚ್ಚಿದ ಕಡೆ ಎರಡನೆಯದು ತೆರೆದುಕೊಳ್ಳುವುದು ಹೀಗೆ.

ಕಾನೂನಿನ ಯಂತ್ರ ಹೇಗೆ ತಿರುಗುತ್ತದೆಂದು ಗೊತ್ತಿರುವ ಊರು ಮುಂಚಿತವಾಗಿ ಎಚ್ಚರಾಗುತ್ತದೆ. 1966ರ ಕೆಐಎಡಿಬಿ ಕಾಯ್ದೆಯ 28(1)ನೇ ಕಲಮಿನ ಪ್ರಾಥಮಿಕ ಅಧಿಸೂಚನೆ ಬಂದ ಮೇಲೆ ಭೂಮಾಲೀಕರಿಗೆ ನೋಟಿಸು ಬರುತ್ತದೆ. ಕೈಸೇರಿದ 30 ದಿನಗಳೊಳಗೆ ತಕರಾರು ಸಲ್ಲಿಸಬೇಕು. 28(4)ರ ಅಂತಿಮ ಅಧಿಸೂಚನೆ ಹೊರಬಿದ್ದರೆ ಜಮೀನು ಸರ್ಕಾರಕ್ಕೆ ಸೇರಿತೆಂದೇ ಅರ್ಥ. ಕೇಂದ್ರದ 2013ರ ಭೂಸ್ವಾಧೀನ ಕಾಯ್ದೆಯಡಿ ಖಾಸಗಿ ಕಂಪನಿಗಾದರೆ ಶೇ 80, ಸರ್ಕಾರಿ–ಖಾಸಗಿ ಪಾಲುದಾರಿಕೆಗಾದರೆ ಶೇ 70ರಷ್ಟು ಜನರ ಒಪ್ಪಿಗೆ ಬೇಕು. ರಾಜ್ಯದ ಕೆಐಎಡಿಬಿ ಕಾಯ್ದೆಯಲ್ಲಿ ಅಂಥ ಒಪ್ಪಿಗೆಯ ಷರತ್ತೇ ಇಲ್ಲ. ಆದ್ದರಿಂದಲೇ ಊರಿನವರೆಲ್ಲ ಸೇರಿ ಸಹಿ ಹಾಕಿದ ತಕರಾರು ಅರ್ಜಿ, ಗ್ರಾಮಸಭೆಯ ನಡಾವಳಿಯಲ್ಲಿ ದಾಖಲಾದ ನಿರ್ಣಯ ಇವಕ್ಕೆ ತೂಕ. ಘೋಷಣೆ ಗಾಳಿಯಲ್ಲಿ ಹೋಗುತ್ತದೆ, ನಡಾವಳಿ ಪುಸ್ತಕ ಹೈಕೋರ್ಟಿನವರೆಗೂ ಹೋಗಬಲ್ಲದು.

ಹಾಗೆಂದು ಎಲ್ಲ ಕಡೆ ಒಗ್ಗಟ್ಟಿರುತ್ತದೆಂದಲ್ಲ. 2007ರವರೆಗೆ ಕೋಲಾರ ಜಿಲ್ಲೆಯಲ್ಲೇ ಇದ್ದ ಶಿಡ್ಲಘಟ್ಟದ ಜಂಗಮಕೋಟೆ ಹೋಬಳಿಯಲ್ಲಿ ಕೈಗಾರಿಕಾ ಪ್ರದೇಶದ ಪ್ರಸ್ತಾವ ಬಂದಾಗ ರೈತರು ಪರ, ವಿರೋಧ ಎಂದು ಇಬ್ಭಾಗವಾದರು. ಎರಡು ಎಕರೆ ಖುಷ್ಕಿಯಿದ್ದು ನೀರಿಲ್ಲದವನ ಲೆಕ್ಕ ಬೇರೆ, ಹಿಪ್ಪುನೇರಳೆ ತೋಟ ಇದ್ದವನ ಲೆಕ್ಕ ಬೇರೆ. ಮಾರಲು ಹೊರಟವನನ್ನು ದ್ರೋಹಿ ಎನ್ನುವುದು ಸುಲಭ. ಅವನ ಬೋರ್‌ವೆಲ್ ಸಾಲವನ್ನು ಯಾರೂ ಹಂಚಿಕೊಳ್ಳುವುದಿಲ್ಲ.

ಎರಡನೆಯ ದಾರಿ ಅಗಲವಾದದ್ದು 2020ರಲ್ಲಿ. 1961ರ ಭೂಸುಧಾರಣೆ ಕಾಯ್ದೆಗೆ 1974ರಲ್ಲಿ ಬಂದ ತಿದ್ದುಪಡಿ ಉಳುವವನಿಗೆ ಭೂಮಿ ಕೊಟ್ಟಿತ್ತು. ಕೃಷಿಕನಲ್ಲದವನು ಕೃಷಿ ಜಮೀನು ಕೊಳ್ಳದಂತೆ 79(ಎ), 79(ಬಿ) ಕಲಮುಗಳು ತಡೆಯಾಗಿದ್ದವು. ಆ ತಡೆಯನ್ನು ಲೆಕ್ಕಕ್ಕಿಡದೆ ಜಮೀನು ಮಾಡಿಕೊಂಡವರು ಮೊದಲೂ ಇದ್ದರು ಅನ್ನಿ. ಆದರೆ ತಡೆಯೆಂಬುದೊಂದು ಇತ್ತು. 2020ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ನೆರೆಯ ಎರಡು ರಾಜ್ಯಗಳು ಬೇರೆ ದಿಕ್ಕು ಹಿಡಿದಿವೆ. ಕೇರಳದಲ್ಲಿ ಭತ್ತದ ಗದ್ದೆ ಮತ್ತು ಜೌಗು ಭೂಮಿ ಉಳಿಸುವ ಕಾಯ್ದೆ 2008ರಿಂದಲೇ ಇದೆ. ಕರ್ನಾಟಕದಲ್ಲಿ ತಡೆ ತೆಗೆದ ವರ್ಷವೇ ತಮಿಳುನಾಡು ಕಾವೇರಿ ಮುಖಜಭೂಮಿಯನ್ನು ಸಂರಕ್ಷಿತ ಕೃಷಿ ವಲಯವೆಂದು ಕಾಯ್ದೆ ಮಾಡಿತು.

ಮಾಲೂರಿನ ಕಥೆ 2020ರ ತಿದ್ದುಪಡಿಗಿಂತ ಹಳೆಯದು, ಅದರಲ್ಲಿ ಕಾರ್ಖಾನೆಗಿಂತ ಮೊದಲು ಬರುವುದು ನೀಲಗಿರಿ. ಸಾಮಾಜಿಕ ಅರಣ್ಯದ ಹೆಸರಲ್ಲಿ ವಿಶ್ವಬ್ಯಾಂಕಿನ ಹಣ ಹರಿದ 1980ರ ದಶಕದಲ್ಲಿ ಕೋಲಾರದ ರಾಗಿ ಹೊಲಗಳು ನೀಲಗಿರಿ ತೋಪುಗಳಾದವು. ನೆಟ್ಟರೆ ಮುಗಿಯಿತು, ಕಳೆ ಕೀಳಬೇಕಿಲ್ಲ, ಕೂಲಿಯವರನ್ನು ಕರೆಯಬೇಕಿಲ್ಲ, ಕಡಿದರೆ ಮತ್ತೆ ಚಿಗುರುತ್ತದೆ, ಕೊಳ್ಳಲು ಕಾಗದ ಮತ್ತು ರೇಯಾನ್ ಕಾರ್ಖಾನೆಗಳಿವೆ. ಊರಲ್ಲಿಲ್ಲದ ಭೂಮಾಲೀಕನಿಗೆ ಹೇಳಿ ಮಾಡಿಸಿದ ಬೆಳೆ. ಕೂಲಿಯವಳಿಗೆ ಕೆಲಸ ತಪ್ಪಿತು, ಮನೆಗೆ ರಾಗಿ ತಪ್ಪಿತು, ದನಕ್ಕೆ ಹುಲ್ಲು ತಪ್ಪಿತು. ವಂದನಾ ಶಿವ, ಎಚ್.ಸಿ. ಶರತ್ಚಂದ್ರ, ಜಯಂತ ಬಂದೋಪಾಧ್ಯಾಯ 1981ರಲ್ಲೇ ಕೋಲಾರದ ಬಗ್ಗೆ ಮಾಡಿದ ಅಧ್ಯಯನ ಈ ನಷ್ಟಗಳನ್ನು ಬೊಟ್ಟು ಮಾಡಿ ತೋರಿಸಿತ್ತು. 1983ರ ಆಗಸ್ಟ್‌ನಲ್ಲಿ ಪಕ್ಕದ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತು, ಆ ಜಾಗದಲ್ಲಿ ಹುಣಸೆ, ಮಾವಿನ ಬೀಜ ಊರಿದರು. ಎಂ.ಡಿ. ನಂಜುಂಡಸ್ವಾಮಿಯವರ ರೈತಸಂಘ ಈ ವಿರೋಧವನ್ನು ರಾಜ್ಯದ ಪ್ರಶ್ನೆಯಾಗಿಸಿತು. ಹೊಸದಾಗಿ ನೀಲಗಿರಿ ನೆಡಬಾರದೆಂದು ಸರ್ಕಾರ ಹೇಳಿದ್ದು 2017ರಲ್ಲಿ, ಅಂದರೆ ಮೂವತ್ತಕ್ಕೂ ಹೆಚ್ಚು ವರ್ಷ ತಡವಾಗಿ. ಅಷ್ಟರಲ್ಲಿ ಎಷ್ಟೋ ತೋಪುಗಳ ಸುತ್ತ ಕಲ್ಲುಕಂಬದ ಬೇಲಿ ಬಂದಿತ್ತು. ಬೆಳೆಗಾಗಿ ಅಲ್ಲದೆ ಬೆಲೆಗಾಗಿ ಭೂಮಿ ಹಿಡಿದಿಟ್ಟುಕೊಳ್ಳುವುದನ್ನು ಈ ಸೀಮೆಗೆ ಮೊದಲು ಕಲಿಸಿದ್ದು ನೀಲಗಿರಿಯೇ ಎನ್ನಬಹುದು. ಈಗ ಮಾಲೂರು ತಾಲ್ಲೂಕನ್ನು ಹಾದುಹೋಗುವ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿ ಆ ಕಲಿಕೆಗೆ ಹೊಸ ಹುರುಪು ಕೊಟ್ಟಿದೆ.

ಖಾಸಗಿ ಹೊಲಕ್ಕಿಂತ ಬೇಗ ಕರಗುವುದು ಊರೊಟ್ಟಿನ ಜಾಗ: ಕೆರೆಯಂಗಳ, ರಾಜಕಾಲುವೆ, ಗೋಮಾಳ, ಗುಂಡುತೋಪು. ಕಾಯಲು ಒಡೆಯನೊಬ್ಬನಿಲ್ಲ. ಮೊದಲು ಕಾಲುವೆಯ ಪಕ್ಕದ ಜಮೀನಿನ ಬದು ಒಂದೆರಡು ಅಡಿ ಸರಿಯುತ್ತದೆ, ಆಮೇಲೆ ಕಾಲುವೆ ಚರಂಡಿಯಷ್ಟಾಗುತ್ತದೆ, ಒಂದು ದಿನ ಅದರ ಮೇಲೆ ಬಡಾವಣೆಯ ಜಲ್ಲಿ ರಸ್ತೆ ಬೀಳುತ್ತದೆ. ಮಳೆ ಬಂದರೂ ಕೆರೆ ತುಂಬದಿರಲು ಕಾರಣವನ್ನು ಮೋಡದಲ್ಲಿ ಹುಡುಕಬೇಕಿಲ್ಲ. 2013ರಿಂದ 2014ರವರೆಗೆ ಜಿಲ್ಲಾಧಿಕಾರಿಯಾಗಿದ್ದ ಡಿ.ಕೆ. ರವಿ ಒತ್ತುವರಿ ಮತ್ತು ಮರಳು ದಂಧೆಯ ವಿರುದ್ಧ ನಿಂತಿದ್ದರು. ಅವರ ವರ್ಗಾವಣೆಯಾದಾಗ ಕೋಲಾರದ ಜನ ಬೀದಿಗಿಳಿದರು. ಒಬ್ಬ ಅಧಿಕಾರಿಯ ಮೇಲೆ ಅಷ್ಟು ಭಾರ ಬೀಳುವುದು ವ್ಯವಸ್ಥೆಯ ಆರೋಗ್ಯದ ಲಕ್ಷಣವಲ್ಲ, ಆದರೆ ಜನ ಏನನ್ನು ಕಾಯುತ್ತಿದ್ದರೆಂಬುದು ಅದರಿಂದ ಗೊತ್ತಾಯಿತು.

ಊರಿನವರ ಕೈಗೆ ಈಗ ಒಂದು ಸಣ್ಣ ಆಯುಧವೂ ಬಂದಿದೆ. ಕಂದಾಯ ಇಲಾಖೆಯ ‘ದಿಶಾಂಕ್’ ಆ್ಯಪ್ ತೆರೆದು ಕೆರೆ ಏರಿಯ ಕೆಳಗೆ ನಿಂತರೆ ಕಾಲಡಿಯ ಸರ್ವೆ ನಂಬರ್ ಮೊಬೈಲಿನಲ್ಲೇ ಕಾಣುತ್ತದೆ. ಹಳೆಯ ಗ್ರಾಮ ನಕಾಶೆಯಲ್ಲಿ ಕಾಲುವೆಯೆಂದು ಎಳೆದ ಗೆರೆ ಎದುರಿನ ಕಾಂಪೌಂಡಿನೊಳಗೆ ಹೋಗಿರುವುದನ್ನು ಪಂಚಾಯಿತಿ ಸದಸ್ಯನಿಗೆ ಅಲ್ಲೇ ತೋರಿಸಬಹುದು. ನಂತರದ ಅಳತೆಗೆ ಸರ್ವೆಯರ್ ಬೇಕೇ ಬೇಕು. ಬೆನ್ನಿಗೆ ಸುಪ್ರೀಂ ಕೋರ್ಟಿನ ತೀರ್ಪೂ ಇದೆ: 2011ರ ಜನವರಿಯಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಗ್ರಾಮಗಳ ಸಾಮುದಾಯಿಕ ಜಮೀನಿನ ಒತ್ತುವರಿ ತೆರವು ಮಾಡುವಂತೆ ಅದು ಎಲ್ಲ ರಾಜ್ಯಗಳಿಗೆ ಹೇಳಿತು. ಮರಗಳ ಮಟ್ಟಿಗೆ ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಸೆ ತೋಪು ನೋಡುವಂಥದ್ದು. 54 ಎಕರೆಯ ಈ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆನಿಸಿತು. ವಿಮಾನ ನಿಲ್ದಾಣದ ನೆರಳಿನ ತಾಲ್ಲೂಕಿನಲ್ಲೂ ಅದು ತೋಪಾಗಿಯೇ ಇದೆ.

ನೀರಿನ ವಿಷಯಕ್ಕೆ ಬಂದರೆ, 2018ರ ಜೂನ್‌ನಲ್ಲಿ ಬೆಂಗಳೂರಿನ ಶುದ್ಧೀಕರಿಸಿದ ತ್ಯಾಜ್ಯ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಬಂತು. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯ ಹಂತವೂ ಬೇಕೆಂದು ಆಂಜನೇಯ ರೆಡ್ಡಿ ಅವರ ಶಾಶ್ವತ ನೀರಾವರಿ ಹೋರಾಟ ಸಮಿತಿ ಕೋರ್ಟಿಗೆ ಹೋಯಿತು. ಆ ತಕರಾರಿನಲ್ಲಿ ಹುರುಳಿದೆ. ನೀರು ಕಂಡ ಕೆರೆಗಳ ಕೆಳಗಿನ ರೈತ ಬೇಸಾಯಕ್ಕೆ ಮರಳಿದ್ದೂ ಸುಳ್ಳಲ್ಲ. ನೀರಿದ್ದ ಕಡೆ ಜಮೀನು ಉಳಿಯುತ್ತದೆ, ಆದರೆ ಯಾವ ನೀರು ಎಂಬ ಪ್ರಶ್ನೆ ಬೇರೆಯೇ ಜಗಳ.

ಬೆಲೆ? ಟೊಮೆಟೊ ಬೆಳೆಗಾರ 2023ರ ಜುಲೈನಲ್ಲಿ 15 ಕಿಲೋ ಬಾಕ್ಸಿಗೆ 2,000 ರೂಪಾಯಿ ದಾಟಿದ ದರ ಕಂಡ. ಅದೇ ಬಾಕ್ಸನ್ನು ರಸ್ತೆಗೆ ಸುರಿದ ವರ್ಷಗಳೂ ಅವನಿಗೆ ನೆನಪಿವೆ. 2025ರ ಜೂನ್‌ನಲ್ಲಿ ತೋತಾಪುರಿ ಮಾವಿನ ದರ ಕುಸಿದಾಗಲೇ ಆಂಧ್ರದ ಚಿತ್ತೂರು ಜಿಲ್ಲಾಡಳಿತ ಕರ್ನಾಟಕದ ತೋತಾಪುರಿಗೆ ಪ್ರವೇಶ ನಿಷೇಧಿಸಿತು. ಶ್ರೀನಿವಾಸಪುರ ಬಂದ್ ಆಯಿತು. ತಿರುಳು ತೆಗೆಯುವ ಕಾರ್ಖಾನೆಗಳು ಗಡಿಯಾಚೆ ಇದ್ದರೆ ಏನಾಗುತ್ತದೆಂದು ಇಡೀ ತಾಲ್ಲೂಕಿಗೆ ಗೊತ್ತಾಯಿತು. ಕೊನೆಗೆ ಕ್ವಿಂಟಲ್‌ಗೆ 1,616 ರೂಪಾಯಿ ಆಧಾರವಾಗಿ 2.5 ಲಕ್ಷ ಟನ್‌ಗೆ ಬೆಲೆ ವ್ಯತ್ಯಾಸ ಪಾವತಿಗೆ ಕೇಂದ್ರ ಒಪ್ಪಿತು. ಮಾವಿನ ತೋಟವನ್ನು ಸೈಟಾಗದಂತೆ ಕಾಯುವ ಕೆಲಸದಲ್ಲಿ ಈ ಬಂದ್‌ಗೂ ಪಾಲಿದೆ. ಫಸಲು ಕೈಕೊಟ್ಟ ವರ್ಷವೇ ದಲ್ಲಾಳಿಯ ಫೋನು ಹೆಚ್ಚು ಬರುವುದು.

ಇದೇ ಶ್ರೀನಿವಾಸಪುರದಲ್ಲಿ ಹಸಿರು ಉಳಿಸುವ ಮಾತೇ ರೈತನಿಗೆ ಎದುರಾಳಿಯಾದ ಪ್ರಸಂಗವೂ ಇದೆ. 2023ರಲ್ಲಿ ಅರಣ್ಯ ಇಲಾಖೆ ಒತ್ತುವರಿ ತೆರವಿಗೆ ಇಳಿದು, ಫಸಲು ಕೊಡುತ್ತಿದ್ದ ಮಾವಿನ ಮರಗಳನ್ನು ಜೆಸಿಬಿಯಲ್ಲಿ ಉರುಳಿಸಿತು. ಇಲಾಖೆಯ ದಾಖಲೆಯಲ್ಲಿ ಅದು ಕಾಡು. ತಮಗೆ ಕಂದಾಯ ಇಲಾಖೆ ಮಂಜೂರು ಮಾಡಿದ ಜಮೀನು, ಪಹಣಿಯೂ ಇದೆ ಎಂದು ಹಲವು ರೈತರು ಕಾಗದ ಹಿಡಿದು ನಿಂತರು. ದೊಡ್ಡ ಒತ್ತುವರಿದಾರನಿಗೂ ತಲೆಮಾರುಗಳಿಂದ ಬಗರ್‌ಹುಕುಂ ಸಾಗುವಳಿ ಮಾಡುತ್ತ ಬಂದ ಬಡವನಿಗೂ ಜೆಸಿಬಿ ಒಂದೇ. ರೈತರು ಕೇಳಿದ್ದು ಕಂದಾಯ ಮತ್ತು ಅರಣ್ಯ ಇಲಾಖೆಗಳ ಜಂಟಿ ಸರ್ವೆಯನ್ನು: ಮೊದಲು ಎರಡೂ ಇಲಾಖೆಯವರು ಒಂದೇ ಸರಪಳಿ ಹಿಡಿದು ಗಡಿ ಗುರುತಿಸಲಿ, ತೆರವಿನ ಮಾತು ಆಮೇಲೆ.