ಮೀನಿಗಿಂತ ಮೊದಲು ನೀರು

ನೀರಿದ್ದಲ್ಲಿ ಮೀನು ಬದುಕುತ್ತದೆ ಎಂಬುದು ನಮ್ಮೆಲ್ಲರ ಸಾಮಾನ್ಯ ತಿಳಿವಳಿಕೆ. ಕೆರೆ ಹೊಳೆಗಳ ಮಟ್ಟಿಗೆ ಅದು ನಿಜ. ಗಾಜಿನ ಹೊಸ ತೊಟ್ಟಿಯ ಮಟ್ಟಿಗೆ ನಿಜವಲ್ಲ. ತೊಳೆದು ಥಳಥಳಿಸುವ ತೊಟ್ಟಿಗೆ ನಲ್ಲಿಯ ತಿಳಿನೀರನ್ನು ತುಂಬಿ, ಅಂದೇ ಸಂಜೆ ಅರ್ಧ ಡಜನ್ ಬಣ್ಣದ ಮೀನುಗಳನ್ನು ಬಿಟ್ಟು, ವಾರ ಹತ್ತು ದಿನಗಳಲ್ಲಿ ಅವು ಒಂದೊಂದಾಗಿ ತೇಲಿದ್ದನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಆಗ ಕೆಲವರು ದೃಷ್ಟಿ ತಾಗಿತೆನ್ನುತ್ತಾರೆ. ಮನೆಗೆ ಬರಬೇಕಾಗಿದ್ದ ಕಂಟಕ ಮೀನಿನ ಮೇಲೆ ಹೋಯಿತೆಂದು ಕೆಲವರು ಸಮಾಧಾನಪಡುತ್ತಾರೆ. ಅಂಗಡಿಯವರು ಮತ್ತೆ ಅರ್ಧ ಡಜನ್ ಮಾರುತ್ತಾರೆ. ಕಾರಣವನ್ನು ಹುಡುಕುವವರು ವಿರಳ.

ನಾನು ಕಲಾ ವಿಭಾಗದ ವಿದ್ಯಾರ್ಥಿ. ಈ ವಿಷಯವನ್ನು ಬರೆಯಲು ನನಗಿರುವ ಅರ್ಹತೆ ಇಷ್ಟೇ: ನೆಹರು ಗಂಜಿನ ಒಂದು ಅಡತಿ ಅಂಗಡಿಯಲ್ಲಿ ಸಂಜೆಯ ಹೊತ್ತು ಲೆಕ್ಕ ಬರೆಯುವ ನನಗೆ, ಕಳೆದ ಬೇಸಿಗೆಯಲ್ಲಿ ಅಲ್ಲಿಯ ಮೀನಿನ ತೊಟ್ಟಿಯನ್ನು ಸಿದ್ಧಪಡಿಸುವ ಕೆಲಸ ಬಂತು. ನಾನು ಸೇರುವುದಕ್ಕೆ ಮೊದಲೇ ಅಲ್ಲಿ ಎರಡು ಬಾರಿ ಮೀನು ಸತ್ತಿದ್ದವು. ಮೂರನೆಯ ಸಲವೂ ಸತ್ತರೆ ತೊಟ್ಟಿ ಗುಜರಿಗೆ ಹೋಗುವುದೆಂದೂ, ಬಿ.ಎ. ಓದುವವನ ಪುಸ್ತಕದ ಮಾತು ಅದರ ಜೊತೆಗೇ ಹೋಗುವುದೆಂದೂ ಅಲ್ಲಿನವರ ತೀರ್ಮಾನ. ಅದೇ ಗಂಜಿನಲ್ಲಿ ನನ್ನ ತಂದೆಯವರು ಹಮಾಲಿ ಮಾಡುತ್ತಾರೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನನ್ನ ಮಾತು ಸೋತರೆ ಅವರೂ ತಲೆ ತಗ್ಗಿಸಬೇಕಾಗುತ್ತಿತ್ತು.

ಹಾಗಾದರೆ ಮೀನನ್ನು ಕೊಲ್ಲುವುದು ಯಾವುದು? ಮೀನಿನದೇ ಕಶ್ಮಲ. ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯಾ ಎಂಬ ವಸ್ತುವನ್ನು ನೀರಿಗೆ ಬಿಡುತ್ತಲೇ ಇರುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತಾಗಲೂ ಅದೇ ಹುಟ್ಟುತ್ತದೆ. ಕೆರೆಯಲ್ಲಿ ಅಪಾರ ಜಲರಾಶಿಯಿದೆ, ಸಸ್ಯಗಳಿವೆ, ಕೆಸರಿದೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಾದರೋ ಹಿಡಿಯುವುದೇ ಸುಮಾರು 56 ಲೀಟರು. ಕಣ್ಣಿಗೆ ಕಾಣದ ಆ ವಿಷ ಅಷ್ಟರಲ್ಲೇ ಕೂಡುತ್ತ ಹೋಗಿ ಕಿವಿರುಗಳನ್ನು ಸುಡುತ್ತದೆ. ನೀರು ಮಾತ್ರ ಸ್ಫಟಿಕದಂತೆಯೇ ಇರುತ್ತದೆ!

ಈ ವಿಷವನ್ನು ಕಳೆಯುವವು ಸೂಕ್ಷ್ಮಾಣು ಜೀವಿಗಳು. ಒಂದು ಪಂಗಡ ಅಮೋನಿಯಾವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತದೆ. ಅದೂ ವಿಷವೇ, ರಕ್ತವನ್ನು ಸೇರಿ, ಪ್ರಾಣವಾಯುವನ್ನು ಹೊರುವ ಅದರ ಶಕ್ತಿಯನ್ನು ಕುಗ್ಗಿಸುತ್ತದೆ. ಇನ್ನೊಂದು ಪಂಗಡ ನೈಟ್ರೈಟನ್ನು ನೈಟ್ರೇಟ್ ಆಗಿ ಮಾಡುತ್ತದೆ. ಇದು ಬಹುಮಟ್ಟಿಗೆ ನಿರುಪದ್ರವಿ. ಈ ಕ್ರಿಯೆ ಜೀವಿಗಳದೆಂದು 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ತೋರಿಸಿಕೊಟ್ಟರು: ಮರಳಿನ ಮೂಲಕ ಚರಂಡಿಯ ನೀರನ್ನು ಹಾಯಿಸಿದಾಗ ಅಮೋನಿಯಾ ನೈಟ್ರೇಟ್ ಆಗುತ್ತಿತ್ತು, ಕ್ಲೋರೋಫಾರಂ ಸೇರಿಸಿದೊಡನೆ ಕೆಲಸ ನಿಂತಿತು. 1890ರ ಸುಮಾರಿಗೆ ರಷ್ಯದ ವಿನೊಗ್ರಾಡ್‌ಸ್ಕಿ ಆ ಜೀವಿಗಳನ್ನೇ ಬೇರ್ಪಡಿಸಿದನು. ಎರಡೂ ಕೆಲಸಗಳನ್ನು ಒಂಟಿಯಾಗಿಯೇ ಮುಗಿಸುವ ಜೀವಿಗಳೂ ಇವೆಯೆಂದು 2015ರಲ್ಲಿ ತಿಳಿದುಬಂತು.

ಹೊಸ ತೊಟ್ಟಿಯಲ್ಲಿ ಇವು ಇಲ್ಲವೆಂದೇ ಹೇಳಬೇಕು. ಇವು ಬೆಳೆಯುವುದೂ ನಿಧಾನ. ಹಾಲನ್ನು ಕೆಡಿಸುವ ಜೀವಿಗಳು ಗಂಟೆಯೊಳಗೆ ಇಮ್ಮಡಿಯಾದರೆ, ಇವಕ್ಕೆ ದಿನದಷ್ಟು ಹೊತ್ತು ಬೇಕಾಗುತ್ತದೆ. ಆದ್ದರಿಂದ ಮೀನು ಬಿಡುವುದಕ್ಕೆ ಮುಂಚೆ ನಾಲ್ಕಾರು ವಾರ ಇವನ್ನು ಸಾಕಬೇಕು. ಶೋಧಕ ಯಂತ್ರವನ್ನು ಹಗಲಿರುಳು ನಡೆಸುತ್ತ, ಮೀನಿಲ್ಲದ ನೀರಿಗೆ ದಿನವೂ ಚಿಟಿಕೆ ಮೀನಿನ ಆಹಾರವನ್ನು ಉದುರಿಸಬೇಕು.

ನಾನು ಹೀಗೆ ಮಾಡುತ್ತಿದ್ದುದನ್ನು ಕಂಡು ಗಂಜಿನಲ್ಲಿ ನಗೆಯೆದ್ದಿತು. ತಂದೆಯವರೂ ಕೇಳಿದರು: “ಮೀನಾ ಇಲ್ಲ, ಏನಿಲ್ಲ, ಬರೇ ನೀರಿಗಿ ಉಣ್ಣಸ್ಲಾಕತ್ತೀ ಏನೋ?” ಪುಸ್ತಕದ ಮಾತು ಅವರಿಗೆ ಸಾಕಾಗುವಂತಿರಲಿಲ್ಲ. ನಾನೆಂದೆ: “ಹಮಾಲರಿಲ್ಲದ ದಿನ ಗಂಜಿಗೆ ನೂರು ಲಾರಿ ತೊಗರಿ ಬಂದರೆ ಏನಾಗುತ್ತದೆ?” ಚೀಲಗಳು ಅಲ್ಲೇ ಬಿದ್ದು ಮಳೆಗೆ ಕೊಳೆಯುತ್ತವೆ ಎಂದರು. ಇಳಿಸುವ ತಂಡ ಬಂದು, ಒಳಗೆ ಹೊರುವ ತಂಡ ಬಾರದಿದ್ದರೆ? ಆಗಲೂ ದಾರಿ ಕಟ್ಟುತ್ತದೆ. “ನಾನು ಉಣ್ಣಿಸುತ್ತಿರುವುದು ಈ ಎರಡು ತಂಡಗಳಿಗೆ” ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತೊಗರಿಯ ಬೇರಿನ ಗಂಟುಗಳೂ ಇಂಥವೇ ಏನು ಎಂದು ಕೇಳಿದರು. ಆ ಗಂಟುಗಳೊಳಗಿನ ಜೀವಿಗಳು ಬೇರೆ. ಅವು ಗಾಳಿಯ ಸಾರಜನಕವನ್ನು ಹಿಡಿಯುತ್ತವೆ. ಆದರೆ ತಿಪ್ಪೆಗೊಬ್ಬರದ ಅಮೋನಿಯಾವನ್ನು ನೈಟ್ರೇಟ್ ಮಾಡಿ ಬೆಳೆಗೆ ಉಣಿಸುವವು, ತೊಟ್ಟಿಯ ಜೀವಿಗಳ ಬಂಧುಗಳೇ. 2019ರಲ್ಲಿ ಭೌಗೋಳಿಕ ಸೂಚಿಯ ಗೌರವ ಪಡೆದ ನಮ್ಮ ಕಲಬುರಗಿಯ ತೊಗರಿ ಬೇಳೆಯ ಹಿಂದೆ ಇಂಥ ಕಾಣದ ಕೈಗಳು ಎಷ್ಟೋ ಇವೆ. ಮರುದಿನದಿಂದ ನಗುವವರಿಗೆ ತಂದೆಯವರೇ ಉತ್ತರ ಹೇಳತೊಡಗಿದರು.

ಕೆಲಸ ಸಾಗಿದೆಯೇ ಎಂದು ತಿಳಿಯಲು ಪರೀಕ್ಷೆಯ ದ್ರಾವಣಗಳು ಸಿಗುತ್ತವೆ. ಮೊದಲು ಅಮೋನಿಯಾ ಏರುತ್ತದೆ. ಅದು ಇಳಿಯುವಾಗ ನೈಟ್ರೈಟ್ ಏರುತ್ತದೆ. ಕೊನೆಗೆ ಎರಡೂ ಸೊನ್ನೆಗಿಳಿದು ನೈಟ್ರೇಟ್ ಮಾತ್ರ ಉಳಿಯುತ್ತದೆ. ಆಹಾರ ಹಾಕುತ್ತಿದ್ದರೂ ಕೆಲವು ದಿನ ಎರಡೂ ಸೊನ್ನೆಯಲ್ಲೇ ನಿಂತರೆ ತೊಟ್ಟಿ ಸಿದ್ಧವಾಯಿತೆಂದು ತಿಳಿಯಬೇಕು. ಮಿತ್ರರ ಹಳೆಯ, ರೋಗವಿಲ್ಲದ ತೊಟ್ಟಿಯಿಂದ ಶೋಧಕದ ಸ್ಪಂಜಿನ ತುಂಡೊಂದನ್ನು ತಂದಿಟ್ಟರೆ, ಹೆಪ್ಪು ಹಾಕಿದ ಹಾಲಿನಂತೆ, ಕೆಲಸ ಬೇಗ ಕೂಡುತ್ತದೆ.

ನಮ್ಮ ಊರಿಗೆ ಎರಡು ಮಾತು ವಿಶೇಷವಾಗಿ ಅನ್ವಯಿಸುತ್ತವೆ. ಸುಣ್ಣಕಲ್ಲಿನ ಈ ಸೀಮೆಯಲ್ಲಿ ಗಡುಸು ನೀರು ಸಾಮಾನ್ಯ. ನೀರಿನ ಕ್ಷಾರಗುಣ, ಅಂದರೆ ಪಿ.ಎಚ್., 7ರಿಂದ 8ಕ್ಕೇರಿದರೆ ಅಮೋನಿಯಾದ ವಿಷರೂಪದ ಪಾಲು ಸುಮಾರು ಒಂಬತ್ತು ಪಟ್ಟಾಗುತ್ತದೆ. ನಮ್ಮ ಬೇಸಿಗೆಯ ಧಗೆ ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ. ಆದ್ದರಿಂದ ಇಲ್ಲಿ ಆತುರಕ್ಕೆ ದಂಡ ಹೆಚ್ಚು. ಎರಡನೆಯದಾಗಿ, ನಲ್ಲಿಯ ನೀರಿನ ಕ್ಲೋರಿನ್ ಈ ಜೀವಿಗಳಿಗೂ ಮೃತ್ಯುವೇ. ನೀರನ್ನು ಒಂದು ದಿನ ಅಗಲಬಾಯಿಯ ಪಾತ್ರೆಯಲ್ಲಿ ತೆರೆದಿಟ್ಟು ಬಳಸಬೇಕು. ಸ್ಪಂಜನ್ನು ನಲ್ಲಿಯ ಕೆಳಗೆ ತಿಕ್ಕದೆ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಬೇಕು.

ಐದು ವಾರ ಮೂರು ದಿನ ಕಳೆದ ಮೇಲೆ, ಗಡುಸು ನೀರನ್ನು ಸಹಿಸುವ ಗಪ್ಪಿ ಮೀನು ನಾಲ್ಕನ್ನು ಮಾತ್ರ ಬಿಟ್ಟೆವು. ಹದಿನೈದು ದಿನಗಳ ನಂತರ ಮತ್ತೆ ನಾಲ್ಕು. ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಬದಲಿಸುತ್ತಿದ್ದೇವೆ. ಈ ಸಾಲುಗಳನ್ನು ಬರೆಯುವ ಹೊತ್ತಿಗೆ ಎಂಟೂ ಬದುಕಿವೆ. ಮರಿಗಳ ಲೆಕ್ಕ ನನ್ನ ಖಾತೆ ಪುಸ್ತಕಕ್ಕೆ ಸಿಕ್ಕಿಲ್ಲ.

ತೊಟ್ಟಿ ಕೊಳ್ಳಬಯಸುವ ಮಿತ್ರರಲ್ಲಿ ನನ್ನದೊಂದು ಬಿನ್ನಹ: ತೊಟ್ಟಿಯನ್ನು ಇಂದು ತನ್ನಿ, ಮೀನನ್ನು ಬರುವ ತಿಂಗಳು ತನ್ನಿ. ನಡುವಿನ ದಿನಗಳಲ್ಲಿ ಯಾರಾದರೂ ನಕ್ಕರೆ ಕಾರಣವನ್ನು ಅವರ ಭಾಷೆಯಲ್ಲೇ ಹೇಳಿ. ನಮ್ಮ ಓದು ಮನೆಯವರಿಗೆ ಅರ್ಥವಾಗುವುದು ಹಾಗೆಯೇ. ನನ್ನ ವಿವರಣೆಯಲ್ಲಿ ಕೊರತೆಯಿದ್ದರೆ ವಿಜ್ಞಾನದ ಅಧ್ಯಾಪಕರು ತಿದ್ದಿ ಉಪಕರಿಸಬೇಕೆಂದು ಕೋರುತ್ತೇನೆ.